ನೇಲ್ ಗನ್‌ನಲ್ಲಿ ವಿನೈಲ್ ಸೈಡಿಂಗ್ ಹೊಡೆಯಬಹುದಾ?

ಪ್ರಶ್ನೆ: ಸರ್, ನಾವು ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್ ಹತ್ತಿರ ಇದ್ದೇವೆ. ನಮ್ಮದು 1996ರಲ್ಲಿ ಕಟ್ಟಿದ ಮರದ ಚೌಕಟ್ಟಿನ ಮನೆ, ಹೊರಗೆ ವಿನೈಲ್ ಸೈಡಿಂಗ್, ಅಂದರೆ ಗೋಡೆಗೆ ಸಾಲಾಗಿ ಹೊದಿಸುವ ಪ್ಲಾಸ್ಟಿಕ್ ಪ್ಯಾನಲ್ಲುಗಳು. ಈ ವರ್ಷದ ಆಲಿಕಲ್ಲಿಗೆ ಪಶ್ಚಿಮದ ಗೋಡೆ (30 ಅಡಿ ಉದ್ದ, 18 ಅಡಿ ಎತ್ತರ) ಮತ್ತು ಗ್ಯಾರೇಜಿನ ಹಿಂದಿನ ಗೋಡೆ (24 ಅಡಿ ಉದ್ದ, 9 ಅಡಿ ಎತ್ತರ) ಒಡೆದುಹೋಗಿವೆ. ಕಂಟ್ರಾಕ್ಟರ್ ಹೇಳಿದ ಕೂಲಿ ತುಂಬಾ ಜಾಸ್ತಿ ಅನ್ನಿಸಿತು. ಹಾಗಾಗಿ ನಾನು, ನನ್ನ ಭಾವ ಸೇರಿ ನಾವೇ ಹಾಕೋಣ ಅಂತಿದ್ದೇವೆ. ಭಾವನ ಹತ್ತಿರ ಗಾಳಿಯ ಒತ್ತಡದಿಂದ ಸೂರಿಗೆ ಮೊಳೆ ಹೊಡೆಯುವ ರೂಫಿಂಗ್ ನೇಲ್ ಗನ್ ಇದೆ, ಕಂಪ್ರೆಸರ್ ಇದೆ. ಗನ್ ಇದ್ದರೆ ಒಂದೇ ವೀಕೆಂಡಿನಲ್ಲಿ ಮುಗಿಯುತ್ತೆ ಅಂತಾರೆ ಅವರು. ಪಕ್ಕದ ಮನೆಯವರು ಮಾತ್ರ ಗನ್ ಮುಟ್ಟಲೇಬೇಡಿ, ಸುತ್ತಿಗೆಯಲ್ಲೇ ಹೊಡೆಯಿರಿ ಅಂತ ಹಟ ಮಾಡುತ್ತಿದ್ದಾರೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಗನ್ ಬಳಸಬಹುದು, ಆದರೆ ಅದಕ್ಕೆ ವಿನೈಲ್ ಸೈಡಿಂಗ್‌ಗೆ ಅಂತಲೇ ಮಾಡಿದ ಮೂತಿ ಸಿಕ್ಕಿಸಿರಬೇಕು. ಸೂರಿಗೆ ಶಿಂಗಲ್ (ಹೆಂಚಿನ ಬದಲು ಹೊದಿಸುವ ತೆಳು ಬಿಲ್ಲೆ) ಹೊಡೆಯುವ ಗನ್ ಅನ್ನು ಹಾಗೇ ತಂದು ಗೋಡೆಗೆ ಹಿಡಿಯಬೇಡಿ. ನಿಮ್ಮದು ಎರಡೇ ಗೋಡೆಯ ಕೆಲಸ, ಅದೂ ಮೊದಲ ಸಲ. ನನ್ನನ್ನು ಕೇಳಿದರೆ ಸುತ್ತಿಗೆಯೇ ಒಳ್ಳೆಯದು. ನಿಮ್ಮ ಭಾವನವರ ಕಂಪ್ರೆಸರಿಗೂ ಈ ಮನೆಯಲ್ಲಿ ಕೆಲಸ ಇದೆ, ಅದು ಎಲ್ಲಿ ಅಂತ ಕೊನೆಗೆ ಹೇಳುತ್ತೇನೆ.

ನಾನು ಮಲೆನಾಡಿನ ಹೆಂಚಿನ ಮನೆಯಲ್ಲಿ ಬೆಳೆದವನು. ಈ ಕೆಲಸಕ್ಕೆ ಇಳಿದ ಹೊಸದರಲ್ಲಿ ವಿನೈಲ್ ನನಗೆ ಅರ್ಥವಾಗಿದ್ದು ಹೆಂಚಿನ ಲೆಕ್ಕದಲ್ಲಿ. ಮಂಗಳೂರು ಹೆಂಚಿನ ಹಿಂಬದಿಯಲ್ಲಿ ಒಂದು ಉಬ್ಬು ಇರುತ್ತದಲ್ಲ, ಅದು ರೀಪಿಗೆ ಸಿಕ್ಕಿಕೊಂಡು ಹೆಂಚು ತನ್ನ ಭಾರಕ್ಕೆ ತಾನೇ ಕೂತಿರುತ್ತದೆ. ಯಾರೂ ಅದನ್ನು ಬಿಗಿಯುವುದಿಲ್ಲ. ಹೆಂಚು ಹೊದಿಸುವುದು ಅನ್ನುತ್ತೇವೆ, ಹೆಂಚು ಹೊಡೆಯುವುದು ಅನ್ನುವುದಿಲ್ಲ. ವಿನೈಲ್ ಪ್ಯಾನಲ್ ಕೂಡ ಹಾಗೇ. ಅದನ್ನು ಗೋಡೆಗೆ ಬಿಗಿಯಬಾರದು. ಮೊಳೆಗೆ ನೇತು ಹಾಕಬೇಕು, ಗೂಟಕ್ಕೆ ಅಂಗಿ ನೇತು ಹಾಕಿದಂತೆ. ಮೊಳೆ ಪ್ಯಾನಲ್‌ನ ಭಾರ ಹೊರುತ್ತದೆ, ಗಾಳಿಗೆ ಹಾರದಂತೆ ಕಾಯುತ್ತದೆ. ಆದರೆ ಅದನ್ನು ಒತ್ತಿ ಹಿಡಿಯಬಾರದು. ಗನ್ನಾ ಸುತ್ತಿಗೆನಾ ಅನ್ನುವ ಜಗಳ ಪೂರ್ತಿ ನಿಂತಿರುವುದು ಇಲ್ಲೇ.

ಯಾಕೆ ಒತ್ತಬಾರದು? ವಿನೈಲ್ ಸೈಡಿಂಗ್ ಅಂದರೆ ಪಿವಿಸಿ. ನಮ್ಮೂರಿನ ತೋಟಗಳಲ್ಲಿ ನೀರು ಹರಿಸುವ ಪೈಪು ಯಾವ ಪ್ಲಾಸ್ಟಿಕ್ಕೋ ಇದೂ ಅದೇ ಜಾತಿ. 1950ರ ದಶಕದ ಕೊನೆಯಲ್ಲಿ ಇದನ್ನು ಮೊದಲು ತಯಾರಿಸಿದ್ದು ನಿಮ್ಮ ಕೊಲಂಬಸ್ಸಿನ ಕ್ರೇನ್ ಪ್ಲಾಸ್ಟಿಕ್ಸ್ ಕಂಪನಿ. ಬಿಸಿಲಿಗೆ ಈ ಪ್ಲಾಸ್ಟಿಕ್ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಮರಕ್ಕಿಂತ, ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಸಾಮಾನ್ಯ ಪ್ಯಾನಲ್ ಒಂದರ ಉದ್ದ 12 ಅಡಿ 6 ಇಂಚು. ತಾಪ 100 ಡಿಗ್ರಿ ಫ್ಯಾರನ್‌ಹೀಟ್ ಏರಿದರೆ ಅದು ಸುಮಾರು ಅರ್ಧ ಇಂಚು ಉದ್ದವಾಗುತ್ತದೆ. 100 ಡಿಗ್ರಿ ಅಂದರೆ ಜಾಸ್ತಿ ಆಯ್ತು ಅನ್ನಿಸಬಹುದು. ನಿಮ್ಮೂರಿನ ಜನವರಿ ರಾತ್ರಿಯನ್ನೂ ಜುಲೈ ಸಂಜೆ ನಾಲ್ಕು ಗಂಟೆಯ ಪಶ್ಚಿಮದ ಗೋಡೆಯನ್ನೂ ನೆನೆಸಿಕೊಳ್ಳಿ. ಬಿಸಿಲು ನೇರ ಬಿದ್ದ ವಿನೈಲ್ ಸುತ್ತಲಿನ ಗಾಳಿಗಿಂತ ತುಂಬಾ ಬಿಸಿಯಾಗುತ್ತದೆ. ಕಡು ಬಣ್ಣವಾದರೆ ಇನ್ನೂ ಬಿಸಿ.

ಈ ಅರ್ಧ ಇಂಚು ಎಲ್ಲಿಗಾದರೂ ಹೋಗಬೇಕಲ್ವಾ? ಅದಕ್ಕೆಂದೇ ಪ್ಯಾನಲ್‌ನ ಮೇಲಂಚಿನಲ್ಲಿ ಮೊಳೆ ಪಟ್ಟಿ ಇದೆ. ನೇಲ್ ಹೆಮ್ ಅಂತಾರೆ. ಅದರಲ್ಲಿ ಸಾಲಾಗಿ ಉದ್ದುದ್ದ ತೂತುಗಳಿವೆ. ಮೊಳೆ ಆ ತೂತಿನ ನಟ್ಟನಡುವೆ ಬೀಳಬೇಕು. ಆಗ ಪ್ಯಾನಲ್ ಹಿಗ್ಗಿದರೂ ಕುಗ್ಗಿದರೂ ಮೊಳೆಯ ಸುತ್ತ ಆ ಕಡೆ ಈ ಕಡೆ ಜಾರುತ್ತದೆ. ಮೊಳೆಯ ತಲೆಗೂ ಪ್ಲಾಸ್ಟಿಕ್ಕಿಗೂ ನಡುವೆ 1/32 ಇಂಚು, ಅಂದರೆ 0.8 ಮಿಲಿಮೀಟರ್ ಸಂದು ಬಿಡಬೇಕು ಅಂತ ವಿನೈಲ್ ಸೈಡಿಂಗ್ ಇನ್‌ಸ್ಟಿಟ್ಯೂಟ್ ಕೈಪಿಡಿ ಹೇಳುತ್ತದೆ. ಕೆಲಸದವರು ಅದನ್ನು ಒಂದು ಡೈಮ್, ಅಂದರೆ ಅಮೆರಿಕದ ಹತ್ತು ಸೆಂಟಿನ ನಾಣ್ಯದಷ್ಟು ಅನ್ನುತ್ತಾರೆ. ಡೈಮ್ 1.35 ಮಿಲಿಮೀಟರ್, ಸ್ವಲ್ಪ ದಪ್ಪವೇ. ಆದರೂ ಸಂದು ಕೂದಲೆಳೆ ಜಾಸ್ತಿಯಾದರೆ ಪರವಾಗಿಲ್ಲ. ಕಡಿಮೆಯಾದರೆ ಗೋಡೆ ಕೆಡುತ್ತದೆ.

ಹೇಗೆ ಕೆಡುತ್ತದೆ ಅನ್ನುವುದನ್ನು ನಾನು ಪುಸ್ತಕದಲ್ಲಿ ಓದಿ ಕಲಿತವನಲ್ಲ. ಕೆಲಸ ಶುರು ಮಾಡಿದ ಎರಡನೇ ವರ್ಷ, ನವೆಂಬರಿನಲ್ಲಿ ಒಂದು ಮನೆಯ ಪಶ್ಚಿಮದ ಗೋಡೆ ಹಾಕಿದೆ. ಚಳಿ, ಕತ್ತಲಾಗುತ್ತಿತ್ತು, ಬೇಗ ಮುಗಿಸುವ ಆತುರ. ರೂಫಿಂಗ್ ಗನ್ ಹಿಡಿದು, ಆಳದ ತಿರುಪು ಸರಿಮಾಡಿಕೊಂಡು ಇಡೀ ಗೋಡೆ ಹೊಡೆದುಬಿಟ್ಟೆ. ಸಂಜೆ ನೋಡಿದರೆ ಕಾಗದ ಅಂಟಿಸಿದ ಹಾಗೆ ನುಣ್ಣಗೆ ಕಾಣುತ್ತಿತ್ತು. ಮನೆಯವರೂ ಖುಷಿಪಟ್ಟರು. ಮುಂದಿನ ಜೂನ್‌ನಲ್ಲಿ ಆ ಮನೆಯ ಅಮ್ಮನಿಂದ ಫೋನು ಬಂತು. ಹೋಗಿ ನೋಡಿದೆ. ಬಿಸಿಲು ಬಿದ್ದ ಗೋಡೆ ಪೂರ್ತಿ ಅಲೆ ಅಲೆ ಎದ್ದಿತ್ತು. ಹತ್ತಿರ ನಿಂತರೆ ಒಳಗಿಂದ ಟಕ್ ಟಕ್ ಸದ್ದು. ಚಳಿಯಲ್ಲಿ ಕುಗ್ಗಿದ್ದ ಪ್ಯಾನಲ್ಲುಗಳನ್ನು ನಾನು ಬಿಗಿಯಾಗಿ ಹಿಡಿದು ಹಾಕಿದ್ದೆ. ಬೇಸಿಗೆಯಲ್ಲಿ ಅವಕ್ಕೆ ಉದ್ದಕ್ಕೆ ಹೋಗಲು ಜಾಗ ಸಿಗಲಿಲ್ಲ, ಹೊರಕ್ಕೆ ಉಬ್ಬಿದವು. ಬಿಚ್ಚಿ ನೋಡಿದಾಗ ಅರ್ಧದಷ್ಟು ಮೊಳೆಗಳ ತಲೆ ಪಟ್ಟಿಯೊಳಗೆ ಕುಳಿ ಮಾಡಿಕೊಂಡು ಕೂತಿದ್ದವು. ಕೆಲವು ಕಡೆ ಪಟ್ಟಿಯೇ ಸೀಳಿತ್ತು. ನಾಲ್ಕು ದಿನ ತಗೊಂಡು, ನನ್ನ ದುಡ್ಡಲ್ಲೇ ಹೊಸ ಸಾಮಾನು ತಂದು ಮತ್ತೆ ಹಾಕಿಕೊಟ್ಟೆ. ಗನ್ ಉಳಿಸಿಕೊಟ್ಟಿದ್ದು ಬಹುಶಃ ಒಂದು ಗಂಟೆ.

ಬೇಸಿಗೆಯಲ್ಲಿ ಬಿಗಿಯಾಗಿ ಹೊಡೆದರೆ ತೊಂದರೆ ಉಲ್ಟಾ ಬರುತ್ತದೆ. ಚಳಿಗಾಲದಲ್ಲಿ ಪ್ಯಾನಲ್ ಕುಗ್ಗಲು ನೋಡುತ್ತದೆ, ಮೊಳೆ ಬಿಡುವುದಿಲ್ಲ. ಆಗ ಪಟ್ಟಿ ಹರಿಯುತ್ತದೆ, ಇಲ್ಲವೇ ಒಂದರ ಮೇಲೊಂದು ಕೂತ ಜಾಗ ಬಾಯಿ ಬಿಡುತ್ತದೆ.

ಈಗ ಗನ್ ವಿಷಯಕ್ಕೆ ಬರೋಣ. ಆಳ ಸರಿಮಾಡುವ ತಿರುಪು ಇದೆಯಲ್ಲ, ಅದನ್ನು ಕರೆಕ್ಟಾಗಿ ಇಟ್ಟರೆ ಸಾಕಲ್ವಾ ಅಂತ ನಿಮ್ಮ ಭಾವ ಕೇಳಿಯೇ ಕೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನಿಮ್ಮ ಗೋಡೆಯ ಒಳಗೆ ಏನಿದೆ ಅಂತ ನೋಡಿ. ಹೊರಗೆ ಓಎಸ್‌ಬಿ, ಅಂದರೆ ಮರದ ಚಕ್ಕೆಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ, ಸಾಮಾನ್ಯವಾಗಿ 7/16 ಇಂಚು ದಪ್ಪ. ಅದರ ಹಿಂದೆ 16 ಇಂಚಿಗೊಂದರಂತೆ ಸ್ಟಡ್, ಅಂದರೆ ಮರದ ಕಂಬ. ಮೊಳೆ ಸ್ಟಡ್‌ಗೆ ಬಿದ್ದರೆ ಗಟ್ಟಿ ಮರ ತಡೆಯುತ್ತದೆ, ತಲೆ ಅಷ್ಟಕ್ಕೇ ನಿಲ್ಲುತ್ತದೆ. ಅರ್ಧ ಇಂಚು ಪಕ್ಕಕ್ಕೆ ಸರಿದು ಬರೀ ಓಎಸ್‌ಬಿಗೆ ಬಿದ್ದರೆ ಅದೇ ಹೊಡೆತಕ್ಕೆ ಒಳಕ್ಕೆ ನುಗ್ಗುತ್ತದೆ. ಸ್ಟಡ್‌ನಲ್ಲೇ ಗಂಟು ಸಿಕ್ಕರೆ ಮೊಳೆ ಕಾಲು ಇಂಚು ಹೊರಗೇ ಉಳಿಯುತ್ತದೆ. ಗನ್‌ಗೆ ಇದ್ಯಾವುದೂ ತಿಳಿಯುವುದಿಲ್ಲ. ಪ್ರತಿ ಸಲವೂ ಒಂದೇ ಬಲ.

ಇಷ್ಟೇ ಅಲ್ಲ. ಹೊಡೆದ ಕ್ಷಣ ಗನ್ ಹಿಂದಕ್ಕೆ ಒದೆಯುತ್ತದೆ. ಎದೆ ಮಟ್ಟದಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದಾಗ ಮೊಳೆ ಆಳಕ್ಕೆ ಹೋಗುತ್ತದೆ. ಏಣಿಯ ಮೇಲೆ ಕೈ ಚಾಚಿ ಹಿಡಿದಾಗ ಅದೇ ಗನ್ ಅದೇ ಮೊಳೆಯನ್ನು ಹೊರಗೆ ಬಿಡುತ್ತದೆ. ಗಾಳಿಯ ಹೋಸ್ ಉದ್ದವಾಗಿದ್ದು ಬೇಗ ಬೇಗ ಹೊಡೆದರೆ ಒತ್ತಡ ಸ್ವಲ್ಪ ಇಳಿಯುತ್ತದೆ. ಈ ಒಂದೊಂದು ವ್ಯತ್ಯಾಸವೂ ನಾವು ಕಾಯಬೇಕಾದ 0.8 ಮಿಲಿಮೀಟರಿಗಿಂತ ದೊಡ್ಡದು. ಶಿಂಗಲ್ ಹೊಡೆಯುವಾಗ ತಲೆ ಶಿಂಗಲ್‌ಗೆ ತಾಗಿ ಕೂತರೆ ಮುಗಿಯಿತು, ಆ ಗನ್ ಮಾಡಿರುವುದೇ ಅದಕ್ಕೆ. ಇಲ್ಲಿ ತಲೆ ತಾಗಬಾರದು. ಸುತ್ತಿಗೆ ಹಿಡಿದ ಕೈಗೆ ಮರ ಎಷ್ಟು ಗಟ್ಟಿ ಅನ್ನುವುದು ಮೊದಲ ಪೆಟ್ಟಿಗೇ ಗೊತ್ತಾಗುತ್ತದೆ, ಕೊನೆಯ ಪೆಟ್ಟನ್ನು ಅದು ತಾನಾಗಿ ಮೆತ್ತಗೆ ಮಾಡುತ್ತದೆ.

ಹಾಗಾದರೆ ವಿನೈಲ್‌ಗೆ ಅಂತ ಬರುವ ಮೂತಿ ಏನು ಮಾಡುತ್ತದೆ? ಅದು ಗನ್ನಿನ ಬಾಯನ್ನು ಗೋಡೆಯಿಂದ ಸ್ವಲ್ಪ ದೂರ ನಿಲ್ಲಿಸುತ್ತದೆ. ಮೊಳೆ ತಳ್ಳುವ ಸಲಾಕೆ ತನ್ನ ಓಟದ ಕೊನೆಗೆ ಬಂದಾಗಲೂ ತಲೆಯ ಕೆಳಗೆ ಸಂದು ಉಳಿಯುತ್ತದೆ. ಕೆಲವು ಮೂತಿಗಳಿಗೆ ತೂತಿನಲ್ಲಿ ಕೂರುವ ಸಣ್ಣ ನಾಲಿಗೆಯೂ ಇರುತ್ತದೆ, ಅದರಿಂದ ಮೊಳೆ ನಡುವಿಗೆ ಬೀಳುತ್ತದೆ. ನಿಮ್ಮ ಭಾವನವರ ಗನ್ ಮಾಡೆಲ್ಲಿಗೆ ಅಂಥ ಮೂತಿ ಸಿಗುತ್ತದಾ ಅಂತ ಅದೇ ಕಂಪನಿಯಲ್ಲಿ ವಿಚಾರಿಸಿ. ಬೇರೆ ಕಂಪನಿಯದ್ದನ್ನು ತಂದು ಹೇಗೋ ಕೂರಿಸಬೇಡಿ. ಸೈಡಿಂಗ್ ಪೆಟ್ಟಿಗೆಯ ಜೊತೆ ಬರುವ ಸೂಚನೆಯನ್ನೂ ಓದಿ. ಅದರಲ್ಲಿ ಹೇಳಿದ್ದಕ್ಕಿಂತ ಬೇರೆ ರೀತಿ ಹಾಕಿದರೆ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ.

ಇನ್ನು ಸಮಯದ ಲೆಕ್ಕ. ಒಂದೇ ವೀಕೆಂಡು ಅನ್ನುವ ಮಾತು ನಿಂತಿರುವುದು ಇದರ ಮೇಲೆ ತಾನೇ? ಕೂತು ಎಣಿಸೋಣ. ಮಾಮೂಲಿ ಪ್ಯಾನಲ್ ಒಂದು ಸಾಲಿಗೆ 8 ಇಂಚು ಎತ್ತರ ಮುಚ್ಚುತ್ತದೆ ಅಂತಿಟ್ಟುಕೊಳ್ಳಿ. ಗ್ಯಾರೇಜಿನ 9 ಅಡಿಗೆ 14 ಸಾಲು ಬೇಕು. 24 ಅಡಿ ಉದ್ದಕ್ಕೆ 16 ಇಂಚಿಗೊಂದು ಮೊಳೆ ಅಂದರೆ ಸಾಲಿಗೆ ಸುಮಾರು 20. ಒಟ್ಟು 280 ಮೊಳೆ. ಪಶ್ಚಿಮದ ಗೋಡೆಗೆ 27 ಸಾಲು, ಸಾಲಿಗೆ ಸುಮಾರು 24, ಅಂದರೆ 650ರ ಹತ್ತಿರ. ಎರಡೂ ಸೇರಿ 930. ಸುತ್ತಿಗೆಯಲ್ಲಿ ಒಂದು ಮೊಳೆಗೆ 10 ಸೆಕೆಂಡ್ ಹಿಡಿದರೂ ಎರಡೂವರೆ ಗಂಟೆಯ ಕೆಲಸ. ಗನ್‌ನಲ್ಲಿ 3 ಸೆಕೆಂಡ್ ಅಂದರೆ ಮುಕ್ಕಾಲು ಗಂಟೆ. ಉಳಿಯುವುದು ಎರಡು ಗಂಟೆಗಿಂತ ಕಡಿಮೆ.

ಸೈಡಿಂಗ್ ಕೆಲಸದಲ್ಲಿ ಹೊತ್ತು ಹೋಗುವುದು ಮೊಳೆಗೆ ಅಲ್ಲ. ಹಳೆಯದನ್ನು ಬಿಚ್ಚುವುದು, ಹಲಗೆಯ ಮೇಲೆ ನೀರು ತಡೆಯಲು ಹೊದಿಸುವ ಹಾಳೆಯಾದ ಹೌಸ್‌ರ‍್ಯಾಪ್ ಸರಿಮಾಡುವುದು, ಕಿಟಕಿ ಸುತ್ತ ಫ್ಲ್ಯಾಷಿಂಗ್ (ನೀರು ಒಳಗೆ ಹೋಗದಂತೆ ತಡೆಯುವ ಪಟ್ಟಿ) ಮತ್ತು ಜೆ-ಚಾನಲ್ (ಪ್ಯಾನಲ್ ತುದಿ ಒಳಗೆ ಕೂರುವ ಜೆ ಆಕಾರದ ಪಟ್ಟಿ) ಕೂರಿಸುವುದು, ಮೊದಲ ಪಟ್ಟಿಯನ್ನು ಮಟ್ಟ ನೋಡಿ ಹಾಕುವುದು, ಅಳೆದು ಕತ್ತರಿಸುವುದು, ಏಣಿ ಸರಿಸುವುದು. ಇವಕ್ಕೆ ಎರಡು ಮೂರು ದಿನ ಬೇಕೇ ಬೇಕು. ಗನ್ ಇದ್ದರೂ ಇಲ್ಲದಿದ್ದರೂ ಆ ದಿನಗಳು ಕಡಿಮೆಯಾಗುವುದಿಲ್ಲ. ಹೋಸು ಎಳೆದಾಡುವುದು, ಕಂಪ್ರೆಸರ್ ಸರಿಸುವುದು ಬೇರೆ ಸೇರುತ್ತದೆ. ವರ್ಷಕ್ಕೆ ನೂರಾರು ಗೋಡೆ ಮಾಡುವ ತಂಡಕ್ಕೆ ಮೊಳೆಗೆ ಏಳು ಸೆಕೆಂಡ್ ಉಳಿದರೆ ಅದು ದುಡ್ಡು. ನಿಮಗೆ ಅಲ್ಲ.

ಗನ್ನಿಗೆ ಒಂದು ನಿಜವಾದ ಅನುಕೂಲ ಇದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಒಂದು ಕೈಯಲ್ಲಿ ಪ್ಯಾನಲ್ ಹಿಡಿದು ಇನ್ನೊಂದು ಕೈಯಲ್ಲಿ ಹೊಡೆಯಬಹುದು. ಸುತ್ತಿಗೆಗೆ ಎರಡೂ ಕೈ ಬೇಕು, ಮೊಳೆ ಹಿಡಿಯಲು ಒಂದು, ಹೊಡೆಯಲು ಒಂದು. ಒಬ್ಬರೇ ಕೆಲಸ ಮಾಡುವವರಿಗೆ, ಕೈ ಬೆರಳಿನ ಗಂಟು ನೋವಿರುವವರಿಗೆ ಸರಿಯಾದ ಮೂತಿಯ ಗನ್ ದೊಡ್ಡ ಸಹಾಯ. ನೀವು ಇಬ್ಬರಿದ್ದೀರಿ. ಒಬ್ಬರು ಆ ತುದಿಯಲ್ಲಿ ಹಿಡಿದರೆ ಆಯಿತು.

ಮೊಳೆ ಯಾವುದು ಅನ್ನುವುದು ಗನ್ನಿಗಿಂತ ಮುಖ್ಯ, ಆದರೆ ಜನ ಕೇಳುವುದೇ ಇಲ್ಲ. ಅಮೆರಿಕದ ಮನೆ ಕಟ್ಟಡಗಳ ಮಾದರಿ ನಿಯಮ, ಇಂಟರ್‌ನ್ಯಾಷನಲ್ ರೆಸಿಡೆನ್ಷಿಯಲ್ ಕೋಡ್, ವಿನೈಲ್‌ಗೆ 0.120 ಇಂಚು ದಪ್ಪದ ಕಾಲು, 0.313 ಇಂಚು ಅಗಲದ ತಲೆ ಇರುವ ಮೊಳೆ ಕೇಳುತ್ತದೆ. 0.313 ಅಂದರೆ 5/16 ಇಂಚು. ತೂತು ಉದ್ದವಾಗಿರುವುದರಿಂದ ತಲೆ ಅಗಲವಾಗಿಲ್ಲದಿದ್ದರೆ ಗಾಳಿಗೆ ಪಟ್ಟಿ ತಲೆಯ ಮೇಲೆ ಹಾದು ಕಳಚಿ ಬರುತ್ತದೆ. ಇಲ್ಲಿ ಒಂದು ಮೋಸ ಹೋಗುವ ಜಾಗ ಇದೆ. ಅಂಗಡಿಯಲ್ಲಿ ಸೈಡಿಂಗ್ ನೇಲರ್ ಅಂತ ಬೇರೆ ಗನ್ ಸಿಗುತ್ತದೆ, ಹೆಸರು ನೋಡಿ ಇದೇ ಸರಿ ಅನ್ನಿಸುತ್ತದೆ. ಅದು ಮುಖ್ಯವಾಗಿ ಮರದ ಮತ್ತು ಫೈಬರ್ ಸಿಮೆಂಟ್ ಸೈಡಿಂಗ್‌ಗೆ. ಅದರ ಸುರುಳಿ ಮೊಳೆಗಳ ತಲೆ ಸಾಮಾನ್ಯವಾಗಿ ಚಿಕ್ಕದು, ವಿನೈಲ್‌ಗೆ ಸಾಲದು. ರೂಫಿಂಗ್ ಮೊಳೆಯ ತಲೆ 3/8 ಇಂಚು, ಅದು ಸಾಕು. ತುಕ್ಕು ಹಿಡಿಯದಂತೆ ಗ್ಯಾಲ್ವನೈಸ್ ಮಾಡಿದ್ದೋ ಅಲ್ಯುಮಿನಿಯಮ್ಮೋ ಆಗಿರಬೇಕು. ಇಲ್ಲದಿದ್ದರೆ ಎರಡು ಮಳೆಗಾಲಕ್ಕೆ ಕಂದು ನೀರು ಗೋಡೆಯ ಮೇಲೆ ಇಳಿಯುತ್ತದೆ.

ಉದ್ದ? ಹಲಗೆ ಮತ್ತು ಸ್ಟಡ್ ಸೇರಿ ಒಟ್ಟು ಒಂದೂಕಾಲು ಇಂಚು ಮರದೊಳಗೆ ಹೋಗಬೇಕು. ನಿಮ್ಮ ಗೋಡೆ ಬರೀ ಓಎಸ್‌ಬಿ ಆದರೆ ಒಂದೂವರೆ ಇಂಚಿನ ಮೊಳೆ ಸಾಕು. ಗಟ್ಟಿಯಾಗಿರಲಿ ಅಂತ ಎರಡೂವರೆ ಇಂಚಿನದು ತರಬೇಡಿ. ಸ್ಟಡ್‌ನೊಳಗೆ ಕರೆಂಟ್ ವೈರು ಹಾಯಿಸಲು ತೂತು ಕೊರೆಯುವಾಗ ಅಂಚಿನಿಂದ ಒಂದೂಕಾಲು ಇಂಚು ಒಳಗೆ ಕೊರೆಯಬೇಕು ಅಂತ ನಿಯಮ. ಮೊಳೆ ಅದಕ್ಕಿಂತ ಆಳಕ್ಕೆ ಹೋದರೆ ವೈರಿಗೆ ತಾಗಬಹುದು. ಸೈಡಿಂಗ್ ಬಿಚ್ಚಿದ ಮೇಲೆ ಓಎಸ್‌ಬಿ ಮೇಲೆ ಫೋಮ್ ಹಲಗೆ ಕಂಡರೆ ಲೆಕ್ಕ ಬದಲಾಗುತ್ತದೆ. ಫೋಮ್ ಮೊಳೆಯನ್ನು ಹಿಡಿಯುವುದಿಲ್ಲ, ಅದರ ದಪ್ಪವನ್ನು ಮೊಳೆಯ ಉದ್ದಕ್ಕೆ ಕೂಡಿಸಿಕೊಳ್ಳಬೇಕು. ಒಂದು ಇಂಚು ಫೋಮ್ ಇದ್ದರೆ ಎರಡೂವರೆ ಇಂಚಿನ ಮೊಳೆಯೇ ಬೇಕಾಗುತ್ತದೆ. ಸಾಮಾನ್ಯ ರೂಫಿಂಗ್ ಗನ್ ಒಂದೂಮುಕ್ಕಾಲು ಇಂಚಿಗಿಂತ ಉದ್ದದ ಮೊಳೆ ತಗೊಳ್ಳುವುದೇ ಇಲ್ಲ. ಆಗ ನಿಮ್ಮ ಪ್ರಶ್ನೆ ತಾನಾಗಿ ತೀರುತ್ತದೆ.

ಸುತ್ತಿಗೆಯಲ್ಲಿ ಹಾಕುವಾಗ ನಾನು ಹೊಸಬರಿಗೆ ಒಂದು ಉಪಾಯ ಹೇಳಿಕೊಡುತ್ತೇನೆ. ಬಿಸಾಡುವ ಸೈಡಿಂಗ್ ತುಂಡಿನಿಂದ ನಾಲ್ಕು ಇಂಚಿನ ಪಟ್ಟಿ ಕತ್ತರಿಸಿ. ಅದರ ಒಂದು ತುದಿಯಲ್ಲಿ ಮೊಳೆಯ ಕಾಲು ಹಿಡಿಯುವಷ್ಟು ಕವಲು ಮಾಡಿ. ಸೈಡಿಂಗ್ ದಪ್ಪ ಒಂದು ಮಿಲಿಮೀಟರಿನ ಆಸುಪಾಸು, ನಮಗೆ ಬೇಕಾದ ಸಂದಿಗೆ ಸರಿಹೋಗುತ್ತದೆ. ಆ ಕವಲನ್ನು ಮೊಳೆಯ ಕೆಳಗೆ ತೂರಿಸಿ, ತಲೆ ಅದಕ್ಕೆ ತಾಗುವವರೆಗೆ ಹೊಡೆದು, ಎಳೆದುಕೊಳ್ಳಿ. ಐವತ್ತು ಮೊಳೆ ಹೊಡೆಯುವಷ್ಟರಲ್ಲಿ ಕೈಗೆ ಅಳತೆ ಕೂತಿರುತ್ತದೆ, ಆಮೇಲೆ ಪಟ್ಟಿ ಬೇಡ. ಪ್ಯಾನಲ್‌ನ ನಡುವಿನಿಂದ ಶುರು ಮಾಡಿ ತುದಿಗಳ ಕಡೆಗೆ ಹೋಗಿ. ಮೊಳೆ ನೇರ ಹೋಗಬೇಕು. ಓರೆಯಾದರೆ ತಲೆಯ ಒಂದು ಅಂಚು ಪ್ಲಾಸ್ಟಿಕ್ಕನ್ನು ಕಚ್ಚುತ್ತದೆ.

ಇನ್ನೊಂದು ತಪ್ಪನ್ನು ಸುತ್ತಿಗೆಯವರೂ ಮಾಡುತ್ತಾರೆ, ಗನ್ನಿನವರೂ ಮಾಡುತ್ತಾರೆ. ಪ್ಯಾನಲ್‌ನ ಕೆಳ ಅಂಚು ಕೆಳಗಿನದರ ಬೀಗಕ್ಕೆ, ಅಂದರೆ ಸಿಕ್ಕಿಕೊಳ್ಳುವ ಅಂಚಿಗೆ, ಕೂತ ಮೇಲೆ, ಬಿಗಿಯಾಗಲಿ ಅಂತ ಮೇಲಕ್ಕೆ ಎಳೆದು ಹಿಡಿದು ಮೊಳೆ ಹೊಡೆಯುವುದು. ಬೇಡ. ಬೀಗ ಪೂರ್ತಿ ಕೂರಲಿ, ಆಮೇಲೆ ಕೈ ಸಡಿಲ ಬಿಟ್ಟು ಹೊಡೆಯಿರಿ. ಎಳೆದರೆ ಅಲ್ಲೂ ಜಾರುವುದು ನಿಲ್ಲುತ್ತದೆ.

ಪ್ರತಿ ಪ್ಯಾನಲ್ ಮುಗಿದ ಕೂಡಲೇ ಎರಡು ಕೈಯಿಂದ ಹಿಡಿದು ಎಡಕ್ಕೆ ಬಲಕ್ಕೆ ತಳ್ಳಿ ನೋಡಿ. ಸಲೀಸಾಗಿ ಜಾರಬೇಕು. ಜಾರದಿದ್ದರೆ ಎಲ್ಲೋ ಒಂದು ಮೊಳೆ ಕಚ್ಚಿದೆ. ಅದನ್ನು ಹುಡುಕಿ, ಸ್ವಲ್ಪ ಹೊರಗೆಳೆದು, ಆಮೇಲೆ ಮುಂದಿನ ಸಾಲಿಗೆ ಹೋಗಿ. ಮೇಲಿನ ಸಾಲು ಕೂತ ಮೇಲೆ ಕೆಳಗಿನ ಮೊಳೆ ಕಾಣುವುದಿಲ್ಲ. ಈ ಪರೀಕ್ಷೆ ಬಿಟ್ಟವರ ಗೋಡೆಗಳನ್ನೇ ನಾನು ಬೇಸಿಗೆಯಲ್ಲಿ ರಿಪೇರಿ ಮಾಡುತ್ತಿರುತ್ತೇನೆ.

ತುದಿಗಳಲ್ಲಿ ಜಾಗ ಬಿಡುವುದನ್ನು ಮರೆಯಬೇಡಿ. ಮೂಲೆಯಲ್ಲಿ, ಕಿಟಕಿ ಪಕ್ಕದ ಜೆ-ಚಾನಲ್‌ನೊಳಗೆ ಕಾಲು ಇಂಚು. 40 ಡಿಗ್ರಿ ಫ್ಯಾರನ್‌ಹೀಟಿಗಿಂತ ಚಳಿ ಇದ್ದಾಗ ಹಾಕುತ್ತಿದ್ದರೆ 3/8 ಇಂಚು. ಒಂದು ಪ್ಯಾನಲ್ ಇನ್ನೊಂದರ ಮೇಲೆ ಸುಮಾರು ಒಂದು ಇಂಚು ಹತ್ತಬೇಕು. ಮೂಲೆಯ ಉದ್ದ ಪೋಸ್ಟ್ ಮಾತ್ರ ಬೇರೆ: ಅದರ ಮೇಲ್ತುದಿಯ ತೂತಿನ ಮೇಲಂಚಿಗೆ ಮೊದಲ ಮೊಳೆ ಹೊಡೆದರೆ ಪೋಸ್ಟ್ ಅದಕ್ಕೆ ನೇತಾಡುತ್ತದೆ, ಉಳಿದ ಮೊಳೆಗಳು ತೂತಿನ ನಡುವೆ.

ಇಷ್ಟೆಲ್ಲ ಕೇಳಿಯೂ ಗನ್ನೇ ಬಳಸುತ್ತೇವೆ ಅಂದರೆ, ಮೂತಿ ಹಾಕಿಕೊಂಡು ಮೊದಲು ಅದೇ ಗೋಡೆಯ ಮೇಲೆ ತುಂಡು ಪ್ಯಾನಲ್ ಇಟ್ಟು ಹತ್ತು ಮೊಳೆ ಹೊಡೆದು ನೋಡಿ. ಸ್ಟಡ್ ಮೇಲೆ ಐದು, ಬರೀ ಹಲಗೆಯ ಮೇಲೆ ಐದು. ಒತ್ತಡವನ್ನು 70 ಪಿಎಸ್‌ಐಯಿಂದ ಶುರು ಮಾಡಿ ನಿಧಾನ ಏರಿಸಿ. ತಲೆ ಸ್ವಲ್ಪ ಹೊರಗೇ ಉಳಿಯುವಂತೆ ಇಡಿ, ಜಾಸ್ತಿ ಹೊರಗೆ ನಿಂತದ್ದನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸರಿಮಾಡಬಹುದು. ಒಳಗೆ ಹೋದದ್ದನ್ನು ಹೊರಗೆ ತೆಗೆಯುವುದು ಕಷ್ಟ. ಸ್ಟಡ್ ಎಲ್ಲಿದೆ ಅಂತ ಮೊದಲೇ ಹೌಸ್‌ರ‍್ಯಾಪ್ ಮೇಲೆ ಗೆರೆ ಎಳೆದುಕೊಳ್ಳಿ. ಚಳಿ ದಿನ ಗನ್ ಬೇಡವೇ ಬೇಡ, ವಿನೈಲ್ ಆಗ ಪೆಡಸಾಗಿರುತ್ತದೆ, ಒಂದೇ ಹೊಡೆತಕ್ಕೆ ಪಟ್ಟಿ ಸೀಳುತ್ತದೆ. ಸೀಳಿದರೆ ಅದೇ ತೂತಿಗೆ ಮತ್ತೆ ಹೊಡೆಯಬೇಡಿ, ಪಕ್ಕದ ತೂತಿಗೆ ಹೋಗಿ.

ಈಗ ನನಗೆ ನಿಜವಾಗಿ ಚಿಂತೆ ಇರುವ ವಿಷಯ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 37,000 ಜನ ನೇಲ್ ಗನ್ ಗಾಯಕ್ಕೆ ಎಮರ್ಜೆನ್ಸಿಗೆ ಹೋಗುತ್ತಾರೆ ಅಂತ 2011ರಲ್ಲಿ ಸರ್ಕಾರದ ಕೆಲಸಗಾರರ ಸುರಕ್ಷತಾ ಸಂಸ್ಥೆಗಳಾದ ಓಶಾ ಮತ್ತು ನಯಾಶ್ ಹೊರತಂದ ಕೈಪಿಡಿ ಹೇಳಿದೆ. ಟ್ರಿಗರ್ ಒತ್ತಿಕೊಂಡೇ ಇದ್ದು, ಮೂತಿ ತಾಗಿದ ಕಡೆಯಲ್ಲೆಲ್ಲ ಮೊಳೆ ಹಾರುವ ಗನ್‌ಗಳಿವೆ. ಅವುಗಳಲ್ಲಿ ಅಪಾಯ ಎರಡು ಪಟ್ಟು ಅಂತಲೂ ಅದರಲ್ಲಿದೆ. ನಿಮ್ಮ ಭಾವನವರ ಗನ್‌ನಲ್ಲಿ ಸೀಕ್ವೆನ್ಷಿಯಲ್ ಟ್ರಿಗರ್ ಇದೆಯಾ ನೋಡಿ. ಅಂದರೆ ಮೊದಲು ಮೂತಿ ಒತ್ತಿ, ಆಮೇಲೆ ಟ್ರಿಗರ್ ಎಳೆದರೆ ಒಂದೇ ಮೊಳೆ ಬರಬೇಕು. ಅದಿಲ್ಲದೆ ಏಣಿ ಹತ್ತಬೇಡಿ. ಸೈಡಿಂಗ್‌ನಲ್ಲಿ ಪ್ಯಾನಲ್ ಹಿಡಿದ ಕೈ ಗನ್ನಿಗೆ ತುಂಬಾ ಹತ್ತಿರ ಇರುತ್ತದೆ. ಕಡೇಪಕ್ಷ ಒಂದು ಅಡಿ ದೂರ ಇಟ್ಟುಕೊಳ್ಳಿ. ಕಣ್ಣಿಗೆ ಕನ್ನಡಕ ಕಡ್ಡಾಯ. 18 ಅಡಿ ಎತ್ತರದ ಗೋಡೆಗೆ ಏಣಿಗಿಂತ ಬಾಡಿಗೆಯ ಸ್ಕ್ಯಾಫೋಲ್ಡ್ ಒಳ್ಳೆಯದು, ಸುತ್ತಿಗೆ ಹಿಡಿದರೂ ಅಷ್ಟೇ. ಕೂಲಿ ಉಳಿಸಿದ ದುಡ್ಡಿನಲ್ಲಿ ಸ್ವಲ್ಪ ಅದಕ್ಕೆ ಕೊಡಿ, ದಯವಿಟ್ಟು.

ಭಾವನವರಿಗೆ ಬೇಜಾರಾಗದ ಹಾಗೆ ಅವರ ಕಂಪ್ರೆಸರ್ ಎಲ್ಲಿ ಬಳಸಬಹುದು ಅಂತ ಹೇಳುತ್ತೇನೆ ಅಂದಿದ್ದೆ. ಹಳೆ ಸೈಡಿಂಗ್ ಬಿಚ್ಚಿದಾಗ ಕಿಟಕಿ ಕೆಳಗೆ ಓಎಸ್‌ಬಿ ಕೊಳೆತಿರುವುದು ತುಂಬಾ ಕಡೆ ಸಿಗುತ್ತದೆ. ಆ ತುಂಡು ಕತ್ತರಿಸಿ ಹೊಸ ಹಲಗೆ ಕೂರಿಸುವಾಗ ಗನ್ ಧಾರಾಳವಾಗಿ ಬಳಸಿ, ಅಲ್ಲಿ ಮೊಳೆ ಬಿಗಿಯಾಗಿಯೇ ಇರಬೇಕು. ಆದರೆ ಅದಕ್ಕೆ ಉದ್ದ ಮೊಳೆಯ ಫ್ರೇಮಿಂಗ್ ಗನ್ ಬೇಕು, ರೂಫಿಂಗ್ ಗನ್ ಆಗುವುದಿಲ್ಲ. ಬಾಡಿಗೆಗೆ ಸಿಗುತ್ತದೆ, ಕಂಪ್ರೆಸರ್ ಅವರದ್ದೇ ಸಾಕು. ಹೌಸ್‌ರ‍್ಯಾಪ್ ಹೊದಿಸಲು ಪ್ಲಾಸ್ಟಿಕ್ ಬಿಲ್ಲೆ ಸೇರಿಸಿ ಹೊಡೆಯುವ ಕ್ಯಾಪ್ ಸ್ಟೇಪ್ಲರ್ ತಂದರೆ ಆ ಕೆಲಸವೂ ಚಕಚಕ ಆಗುತ್ತದೆ. ಸೈಡಿಂಗ್ ನೀರನ್ನು ಪೂರ್ತಿ ತಡೆಯುವುದಿಲ್ಲ, ಹಿಂದಿನ ಹೌಸ್‌ರ‍್ಯಾಪೇ ಗೋಡೆಯನ್ನು ಕಾಯುವುದು, ಹಾಗಾಗಿ ಅಲ್ಲಿ ಅವಸರ ಬೇಡ. ಶನಿವಾರ ಪೂರ್ತಿ ಭಾವನವರ ಗಾಳಿ ಯಂತ್ರದ ದಿನ ಇರಲಿ. ಭಾನುವಾರ ಇಬ್ಬರೂ ಸುತ್ತಿಗೆ ತಗೊಳ್ಳಿ.

ಗ್ಯಾರೇಜಿನ ಹಿಂದಿನ ಗೋಡೆಯಿಂದ ಶುರು ಮಾಡಿ. ಚಿಕ್ಕದು, ಏಣಿ ಎತ್ತರಕ್ಕೆ ಬೇಡ, ತಪ್ಪಾದರೂ ಬೀದಿಗೆ ಕಾಣುವುದಿಲ್ಲ. ಐದಾರು ಸಾಲು ಹಾಕಿ ಅಲ್ಲಿಗೇ ನಿಲ್ಲಿಸಿ. ಮಾರನೆಯ ದಿನ ಬಿಸಿಲು ಚೆನ್ನಾಗಿ ಬಿದ್ದ ಹೊತ್ತಿನಲ್ಲಿ ಹೋಗಿ, ಮೂಲೆಯಲ್ಲಿ ನಿಂತು ಗೋಡೆಯ ಉದ್ದಕ್ಕೆ ಕಣ್ಣು ಹಾಯಿಸಿ. ಅಲೆ ಕಾಣದಿದ್ದರೆ, ಬಿಸಿಯಾದ ಪ್ಯಾನಲ್ ಕೈಯಿಂದ ತಳ್ಳಿದಾಗ ಇನ್ನೂ ಜಾರುತ್ತಿದ್ದರೆ, ಪಶ್ಚಿಮದ ಗೋಡೆಗೆ ಸ್ಕ್ಯಾಫೋಲ್ಡ್ ತರಿಸಿ.